ಹೊಸ ಟ್ಯಾಬಿನಲ್ಲಿ ಮೂಡದ ಅಕ್ಷರ

ಮಾಧುರಿ ಮತ್ತೊಮ್ಮೆ ಹೊಸ ಟ್ಯಾಬು ತೆರೆದು ಹೆರಿಗೆ ಆಸ್ಪತ್ರೆಯ ಹೆಸರು ಒತ್ತಿದಳು. ಒಂದಕ್ಷರವೂ ಮೂಡಲಿಲ್ಲ. ಕರ್ಸರು ಮಿಣುಕುತ್ತಿತ್ತು, ಕೀಲಿಗಳು ಟಕಟಕ ಎನ್ನುತ್ತಿದ್ದವು, ಪರದೆ ಮಾತ್ರ ಬೋಳು. ಮೊದಲೇ ತೆರೆದಿದ್ದ ಚಾಟಿನ ಟ್ಯಾಬಿನಲ್ಲಿ ಎಲ್ಲ ಸರಿಯಿತ್ತು. ಹೊಸದು ತೆರೆದರೆ ಮಾತ್ರ ಈ ಕಾಟ.

"ಇದಕ್ಕ ಏನ್ ಮಾಡಿದಿ?" ಎಂದು ಗಂಡನನ್ನು ಕೇಳಿದಳು.

ಪ್ರೇಮಕುಮಾರ ಚೀಲಕ್ಕೆ ಇಕ್ಕಳ, ವೈರು ತುಂಬುತ್ತಿದ್ದ. ಅವತ್ತು ಇಂದಾಪುರದ ಕಡೆ ವೈರಿಂಗ್ ಕೆಲಸ. "ನಾ ಯಾಕ ಮುಟ್ಟಲಿ? ಆದ್ರ ನಿನ್ನ ತಮ್ಮನ ಜೋಡಿ ಆ ಚಾಟ್ ಮಾಡೋದು ಬಿಡು. ನಿಮ್ಮ ಮನಿ ಗಾಳಿ ನಮಗ ಬ್ಯಾಡ."

ಚಾಟು ಬಿಡಿಸಲು ಇವನೇ ಕೆಡಿಸಿದ್ದಾನೆ ಎನ್ನಲು ಬೇರೆ ಸಾಕ್ಷಿ ಬೇಕೆ? ಆಂಟಿವೈರಸ್ ಹಾಕುತ್ತೇನೆಂದು ಹಿಂದಿನ ವಾರ ಕಂಪ್ಯೂಟರಿನ ಮುಂದೆ ಕೂತಿದ್ದವನು ಇವನೇ. ಮಾಧುರಿ ಮುಖ ತಿರುಗಿಸಿದಳು. ಅವನು ಚಹಾ ಕುಡಿಯದೆಯೇ ಹೊರಟುಹೋದ.

ಅವನ ಹೆದರಿಕೆ ಸುಳ್ಳಲ್ಲ. ಕಲಬುರಗಿ ಕಡೆಯಿಂದ ಈ ಪರರಾಜ್ಯದ ಊರಿಗೆ ಇಟ್ಟಿಗೆ ಹೊರಲು ಬಂದವರ ಮಗ ಅವನು. ಅವಳು ಇದೇ ಊರಿನ ಕೋಥರೂಡ ಬಡಾವಣೆಯ ಕಿರಾಣಿ ವ್ಯಾಪಾರಿ ಈರಬಸಪ್ಪನ ಮಗಳು. ಜಾತಿ ಬೇರೆ. ಮದುವೆಯಾದ ಮೇಲೆ ಹಡಪಸರದಲ್ಲಿ ಬಾಡಿಗೆಗೆ ಹಿಡಿದ ಖೋಲಿಗೆ ಈರಬಸಪ್ಪನ ಜನ ನುಗ್ಗಿ ಪ್ರೇಮಕುಮಾರನ ತಲೆ ಒಡೆದಿದ್ದರು. "ಮುಂದಿನ ಸಲ ಇಬ್ಬರನ್ನೂ ಬಿಡಬ್ಯಾಡ ಅಂದಾರ ಸಾವಕಾರ್ರು" ಎಂದು ಹೇಳಿಯೇ ಹೋಗಿದ್ದರು. ಗಾಯಕ್ಕೆ ಹೊಲಿಗೆ ಹಾಕಿಸಿಕೊಂಡು ಇಬ್ಬರೂ ಯೆರವಡಾದ ಈ ಓಣಿಗೆ ಬಂದು ಅಡಗಿದ್ದರು. ಈಗ ಅವಳಿಗೆ ದಿನ ತುಂಬುತ್ತ ಬಂದಿತ್ತು.

ಆದರೆ ತಮ್ಮ ಶಿವರಾಜ ಅಪ್ಪನಂತಲ್ಲ. ಆಡಿ ಬೆಳೆದವರು ಅವರಿಬ್ಬರು. ಕೆಲವು ವಾರಗಳ ಹಿಂದೆ ಚಾಟಿನಲ್ಲಿ ಅವನ ಹೆಸರು ಹಸಿರಾಗಿ, ಅದರ ಕೆಳಗೆ ಕನ್ನಡದಲ್ಲಿ 'ಅಕ್ಕಾ, ಹೆಂಗಿದ್ದಿ?' ಎಂದು ಮೂಡಿದಾಗ ಅವಳು ಬಿಕ್ಕಿ ಬಿಕ್ಕಿ ಅತ್ತಿದ್ದಳು.

'ಕನ್ನಡದಾಗ ಬರೆಯೋ ಎಕ್ಸ್‌ಟೆನ್ಶನ್ ನೀನೂ ಹಾಕ್ಕೊ. ನಮ್ಮ ಅಕ್ಷರ ನೋಡಿದ್ರ ಮನಸಿಗೆ ಸಮಾಧಾನ' ಎಂದಿದ್ದ. ಹಾಕಿಕೊಂಡಳು. ಅದರಲ್ಲೊಂದು ಅಕ್ಷರಮಾಲೆಯ ಹಲಗೆ, ಮೌಸಿನಿಂದ ಒಂದೊಂದೇ ಅಕ್ಷರ ಒತ್ತಿದರೂ ಸಾಕು.

ಶಿವರಾಜ ಕನ್ನಡ ಬರೆದದ್ದು ಕಂಡು ಅವಳಿಗೆ ಸೋಜಿಗವಾಗಿತ್ತು. ಚಿಕ್ಕವಳಿದ್ದಾಗ ಅಪ್ಪ ಅಂಗಡಿಯ ಹಣದ ಗಲ್ಲೆಯ ಪಕ್ಕ ಕೂರಿಸಿಕೊಂಡು ಅವಳ ಕೈಹಿಡಿದು ಪಾಟಿಯ ಮೇಲೆ ಅ, ಆ ತಿದ್ದಿಸಿದ್ದ. ಅವನಿಗೆ ಗೊತ್ತಿದ್ದದ್ದು ಕನ್ನಡದ ಅಕ್ಷರ ಅಷ್ಟೇ. ಇಂಗ್ಲಿಷಿನಲ್ಲಿ ತೆರಿಗೆಯ ನೋಟೀಸು ಬಂದರೆ ಓದಿ ಹೇಳಲು ಮಕ್ಕಳನ್ನು ಕೂಗುತ್ತಿದ್ದ. ಇಂಗ್ಲಿಷ್ ಶಾಲೆಗೆ ಹೋಗುತ್ತಿದ್ದ ಶಿವರಾಜ ಮಾತ್ರ ಪಾಟಿ ಕಂಡರೆ ಬ್ಯಾಟು ಹಿಡಿದು ಓಡುತ್ತಿದ್ದ.

'ಕನ್ನಡ ಬರೆಯೋದು ನಿನಗ ಯಾರು ಕಲಿಸಿದ್ರು?' ಎಂದು ಕೇಳಿದ್ದಳು.

'ನಿನಗ ಕಲಿಸಿದವರs.'

ಅಪ್ಪ ಮೆತ್ತಗಾಗಿದ್ದಾನೆ, ಮಗನನ್ನಾದರೂ ಪಕ್ಕ ಕೂರಿಸಿಕೊಂಡಿದ್ದಾನೆ ಎಂದು ಅವಳ ಎದೆ ತಂಪಾಗಿತ್ತು.

ಅವನ ಉತ್ತರಗಳು ತಡವಾಗಿ ಬರುತ್ತಿದ್ದವು. ಅದು ಅಂಗಡಿಯ ಕಂಪ್ಯೂಟರು, ಅಪ್ಪನೂ ಅದರಲ್ಲೇ ಊರಿನ ಕನ್ನಡ ಪೇಪರು ಓದುತ್ತಿದ್ದ. ಕಣ್ಣು ತಪ್ಪಿಸಿ ಬರೆಯಬೇಕಲ್ಲ, ಪಾಪ. ಫೋನು ಮಾಡಲೇ ಎಂದರೆ 'ಬ್ಯಾಡ, ಅಪ್ಪಾರು ನೋಡ್ತಾರ' ಎನ್ನುತ್ತಿದ್ದ. ವಿಳಾಸವನ್ನು ಒಮ್ಮೆಯೂ ಕೇಳಿರಲಿಲ್ಲ. ಅದಕ್ಕೇ ಅವಳು ಅವನನ್ನು ಪೂರ್ತಿ ನಂಬಿದ್ದಳು.

ಪ್ರೇಮಕುಮಾರ ಹೋದ ಮೇಲೆ ಅವಳು ತಮ್ಮನಿಗೆ ಬರೆದಳು. ಹೊಸ ಟ್ಯಾಬಿನಲ್ಲಿ ಟೈಪು ಆಗವಲ್ದು, ಒಂದು ಆಸ್ಪತ್ರೆ ಹುಡುಕಲಿಕ್ಕೂ ಆಗವಲ್ದು, ನನಗ ಭಾಳ ಅಂಜಿಕಿ ಆಗ್ಯದ.

'ನಿನ್ನ ಗಂಡಂದ ಕೆಲಸ ಇರಬೇಕು' ಎಂದು ಬಂತು. ಕಂಪ್ಯೂಟರು ಕೊಂಚ ಕೆಮ್ಮಿದರೂ ಅದರ ಹೊಟ್ಟೆ ಬಿಚ್ಚಿ ಕೂರುತ್ತಿದ್ದ ತಮ್ಮ ಈ ಸಲ ಒಂದು ಉಪಾಯವನ್ನೂ ಹೇಳಲಿಲ್ಲ.

'ನೀನs ಬಂದು ನನ್ನ ಕರ್ಕೊಂಡು ಹೋಗು, ಶಿವ್ಯಾ' ಎಂದು ಬರೆದಳು. ಓಣಿ, ಬೇವಿನ ಮರ, ಮೇಲಿನ ಖೋಲಿ ಎಲ್ಲ ಹೇಳಿದಳು. ಹೇಳಿದ ಮೇಲೆ ಹಗುರವೆನಿಸಿತು.

'ಗಂಡ ಎಲ್ಲಿ?'

'ಸಂಜಿಗೆ ಬರ್ತಾನ.'

'ಹಂಗಾರ ಸಂಜಿಗೇ ಆಗಲಿ. ಇಬ್ಬರೂ ಸಿಗ್ತೀರಿ.'

ಬಟ್ಟೆ ಕಟ್ಟಿಟ್ಟು ಮುಗಿದರೂ ಬಿಸಿಲು ಇಳಿದಿರಲಿಲ್ಲ. ಸುಮ್ಮನೆ ಕೂರಲಾಗದೆ ಮಾಧುರಿ ಬ್ರೌಸರಿಗೆ ಕೈ ಹಚ್ಚಿದಳು. ಎಲ್ಲವನ್ನೂ ಬಂದ್ ಮಾಡಿ, ಒಂದೊಂದೇ ಹಚ್ಚುತ್ತ ಹೋಗು, ಕೆಟ್ಟದ್ದು ತಾನೇ ಮುಖ ತೋರಿಸುತ್ತದೆ. ಇದನ್ನು ಕಲಿಸಿದವನೂ ಶಿವರಾಜನೇ. ಎಕ್ಸ್‌ಟೆನ್ಶನ್‌ಗಳನ್ನೆಲ್ಲ ಬಂದ್ ಮಾಡಿ ಹೊಸ ಟ್ಯಾಬು ತೆರೆದಳು. ಅಕ್ಷರಗಳು ಮೂಡಿದವು. ಆಂಟಿವೈರಸ್ಸಿನದನ್ನು ಹಚ್ಚಿದಳು, ಮೂಡಿದವು. ಹಾಡು ಇಳಿಸುವುದನ್ನು ಹಚ್ಚಿದಳು, ಆಗಲೂ ಮೂಡಿದವು. ಕನ್ನಡದ್ದನ್ನು ಹಚ್ಚಿದ ಕೂಡಲೇ ಪರದೆ ಬೋಳಾಯಿತು. ಹೊಸ ಟ್ಯಾಬು ತೆರೆದಾಗಲೆಲ್ಲ ಆ ಅಕ್ಷರದ ಹಲಗೆ ಒಳಗೊಳಗೇ ಕೀಲಿಗಳನ್ನು ಹಿಡಿದುಕೊಂಡು ಕೂರುತ್ತಿತ್ತು.

ಪ್ರೇಮಕುಮಾರ ಏನೂ ಮಾಡಿರಲಿಲ್ಲ. ಬೆಳಿಗ್ಗೆ ಚಹಾ ಕುಡಿಯದೆ ಹೋದ ಅವನ ಮುಖ ನೆನಪಾಗಿ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಬಂದ ಕೂಡಲೇ ತಪ್ಪಾಯಿತು ಅನ್ನಬೇಕು. ತಮ್ಮನನ್ನೂ ಗಂಡನನ್ನೂ ಎದುರುಬದುರು ಕೂರಿಸಿ ಉಣಬಡಿಸಬೇಕು.

ಕನ್ನಡದ್ದನ್ನು ಬಂದ್ ಮಾಡಿ, ಮದುವೆಗೆ ಮುಂಚೆ ಇಬ್ಬರೂ ಬರೆಯುತ್ತಿದ್ದ ಹಾಗೆ ಇಂಗ್ಲಿಷಿನಲ್ಲೇ ತಮ್ಮನಿಗೆ ಬರೆದಳು. ಕಳ್ಳ ಸಿಕ್ಕಿದ, ಪ್ರೇಮಂದೇನೂ ತಪ್ಪಿಲ್ಲ, ಇಬ್ಬರೂ ನಿನ್ನ ದಾರಿ ಕಾಯುತ್ತೇವೆ.

ಉತ್ತರ ಬರಲಿಲ್ಲ. ಹೊರಟಿರಬೇಕು ಎಂದುಕೊಂಡಳು.

ಸಂಜೆ ಬೇವಿನ ಮರದ ಕೆಳಗೆ ಪ್ರೇಮಕುಮಾರನ ಬೈಕು ನಿಂತ ಸದ್ದಾಯಿತು. ಅದರ ಬೆನ್ನಿಗೇ ಒಂದು ಜೀಪು ನಿಂತಿತು. ಬಾಗಿಲುಗಳು ದಡದಡ ತೆರೆದುಕೊಂಡವು. ಶಿವರಾಜನೂ ಬಂದ ಎಂದು ಮಾಧುರಿ ಹೊಟ್ಟೆ ಹಿಡಿದುಕೊಂಡು ಎದ್ದಳು.

ಆಗ ಹಿಂದೆ ಕಂಪ್ಯೂಟರು ಟಿಣ್ ಎಂದಿತು. ಶಿವರಾಜನ ಹೆಸರು ಇನ್ನೂ ಹಸಿರಾಗಿಯೇ ಇತ್ತು.

'ಏನ ಬರದಿ ಇದು? ನನಗ ಇಂಗ್ಲಿಷ್ ಓದಾಕ ಬರಂಗಿಲ್ಲ. ಕನ್ನಡದಾಗ ಬರಿ.'