ಹತ್ತದ ಒಲೆ

ಈಗಿನ ಒಲೆಗೆ ಅಡುಗೆಯ ಕ್ರಮ, ಸಾಮಾನು, ಉಣ್ಣುವವರ ಹೆಸರು ಎಲ್ಲವನ್ನೂ ಮೊದಲೇ ಚೀಟಿಯಲ್ಲಿ ಬರೆದು ತೋರಿಸಬೇಕು. ಓದಿ ಒಪ್ಪಿದರಷ್ಟೇ ಹತ್ತುತ್ತದೆ. ಎಣ್ಣೆಗಾಯಿಯ ಚೀಟಿಯನ್ನು ಮೂರು ಸಲ ತೋರಿಸಿದರೂ ತಣ್ಣಗೇ ಕೂತಿತ್ತು.

"ಐದನೇ ಸಾಲು ನೋಡ್ರಿ," ಎಂದಿತು ಒಲೆ.

"ಪಕ್ಕದ್ಮನಿ ನೀಲವ್ವನ ಮಸಾಲಿಪುಡಿ. ಅದಕ್ಕೇನಾಗೈತಿ?"

"ಪುಡಿ ಹುರಿಯೋಮುಂದ ಅವರ ಒಲಿಗೆ ತೋರಿಸಿದ ಚೀಟಿಯೊಳಗ ಶೇಂಗಾ ಐತ್ರಿ. ಉಣ್ಣೋರೊಳಗ ಚಂಪಾ ಅದಾಳ."

ಶೇಂಗಾ ತಿಂದರೆ ಮೊಮ್ಮಗಳು ಚಂಪಾಳಿಗೆ ಉಸಿರು ಕಟ್ಟುತ್ತದೆ. ಹಳೆಯ ಒಲೆ ಏನೂ ಕೇಳದೆ ಹತ್ತುತ್ತಿತ್ತು. ತಪ್ಪು ಗೊತ್ತಾಗುತ್ತಿದ್ದುದು ಅವಳ ಗಂಟಲಲ್ಲಿ.

ಪುಡಿ ತೆಗೆದಿಟ್ಟು ಎಳ್ಳು ಎಂದು ಬರೆದೆ. ಒಲೆ ಭಗ್ಗನೆ ಹತ್ತಿತು.

ಮೊದಲ ತುತ್ತಿಗೇ ಚಂಪಾ ಮುಖ ಕಿವುಚಿದಳು. ಸೌಟು ಬಿಟ್ಟು ಅವಳತ್ತ ಧಾವಿಸಿದೆ.

"ಅಜ್ಜಿ, ಉಪ್ಪು ಎರಡ್ ಸಲ ಹಾಕೀಯೇನ?"

ಚೀಟಿಯಲ್ಲಿ ಬರೆದದ್ದು ಒಂದೇ ಸಲ. ಕೈಯ ತಪ್ಪು ಒಲೆಗೆ ಹೇಗೆ ಕಂಡೀತು?

"ಹಾಕೀನವ್ವಾ, ಹಾಕೀನಿ," ಎಂದು ನಗುತ್ತ ಅವಳ ತಟ್ಟೆಗೆ ಮೊಸರು ಸುರಿದೆ.