ರೊಪ್ಪದ ಒಲೆ

ಮುದ್ದೆ ಕೋಲು ನೇತ್ರಾವತಿಯ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಪಾತ್ರೆಯಲ್ಲಿ ರಾಗಿಹಿಟ್ಟು ಅರ್ಧ ಬೆಂದು, ಅರ್ಧ ಗಂಟಾಗಿ ನಿಂತಿತು. ಬೇಸಿಗೆಯಲ್ಲಿ ಬಂದ ಚಿಕೂನ್‌ಗುನ್ಯಾ ಜ್ವರ ವಾರದೊಳಗೆ ಹೋಗಿತ್ತು. ಮಣಿಕಟ್ಟಿನ ನೋವು ಮಾತ್ರ ಹೋಗಿರಲಿಲ್ಲ. ಅವಳು ಗ್ಯಾಸ್ ಆರಿಸಿ ಅಕ್ಕಿ ಡಬ್ಬಿಗೆ ಕೈ ಹಾಕಿದಳು.

"ಇವತ್ತೂ ಅನ್ನನಾ?" ಎಂದ ಗಂಡ ಗಿರೀಶ್. ಹಿರಿಯೂರಿನ ಮಂಡಿಯಲ್ಲಿ ಲಾರಿಗೆ ತೆಂಗಿನಕಾಯಿ ತುಂಬುವವನು. "ಅನ್ನ ಉಂಡು ಮೂಟೆ ಎತ್ತಾಕಾಗಲ್ಲ ಕಣೆ. ನಾಳೆ ರಾತ್ರಿಗೂ ಹಿಂಗೇ ಆದ್ರೆ ಬಾಗೂರಿಗೋಗಿ ಅವ್ವನ್ನ ಕರ್ಕಂಡು ಬರ್ತೀನಿ."

"ಹಸಿ ಬಾಣಂತಿನ ಬಿಟ್ಟು ಬರ್ತಾರಾ? ಮಗೀಗೆ ಇನ್ನೂ ಹೆಸ್ರೇ ಇಟ್ಟಿಲ್ಲ."

"ಅಲ್ಲಿ ಮಗೀನ ನೋಡ್ದಂಗೆ ಇಲ್ಲಿ ನಮ್ಮನ್ನೂ ಯಾರಾದ್ರೂ ನೋಡ್ಬೇಕಲ್ಲ."

ನೇತ್ರಾವತಿ ಅಕ್ಕಿ ತೊಳೆಯತೊಡಗಿದಳು. ಮಗಳ ಬಾಣಂತನಕ್ಕೆಂದು ಹೋಗಿರುವ ಅತ್ತೆ ಕಾಟಮ್ಮ ಅರ್ಧಕ್ಕೆ ಎದ್ದು ಬಂದರೆ, ಸೊಸೆಯ ಕೈಲಾಗದ್ದಕ್ಕೆ ಮಗಳ ಬಾಣಂತನ ಕೆಟ್ಟಿತು ಎನ್ನುವುದನ್ನು ಸಾಯುವ ತನಕ ಬಿಡುವವಳಲ್ಲ. ಇದ್ದ ಶಕ್ತಿಯನ್ನು ನೇತ್ರಾವತಿ ಹೇಗೋ ಹಂಚಿಕೊಂಡಿದ್ದಳು. ಬಟ್ಟೆ ಒಗೆದ ದಿನ ಕಸ ಗುಡಿಸುತ್ತಿರಲಿಲ್ಲ. ಸಾರು ಎರಡು ಹೊತ್ತಿಗೂ ಒಂದೇ ಸಲ. ನೆಲ ಒರೆಸುವುದನ್ನು ಬಿಟ್ಟೇಬಿಟ್ಟಿದ್ದಳು, ಅದರಿಂದ ಯಾರೂ ಸತ್ತಿರಲಿಲ್ಲ. ಮುದ್ದೆಯೊಂದು ಈ ಹಂಚಿಕೆಗೆ ಬಗ್ಗಲಿಲ್ಲ. ಅದಕ್ಕೆ ಎರಡೂ ಕೈಯ ಬಲ ಒಂದೇ ಹೊತ್ತಿಗೆ ಬೇಕು.

"ನಾವು ಕುರಿ ಹೊಡ್ಕಂಡು ಮಾರಿಕಣಿವೆ ಕಡೆ ಹೋದಾಗ ಅಷ್ಟೂ ಜನಕ್ಕೂ ನಾನೊಬ್ಬನೇ ಹಿಟ್ಟು ತಿರುವ್ತಿದ್ದೆ," ಎಂದ ಜಗಲಿಯ ಮೇಲಿದ್ದ ಮಾವ ಚಿತ್ತಪ್ಪ. "ಒಂದು ಗಂಟು ಇದ್ರೆ ಕೇಳು."

"ಹಂಗಾದ್ರೆ ಕೈ ವಾಸಿಯಾಗೋಗಂಟ ನೀವೇ ತಿರುವಿಕೊಡ್ರಿ ಮಾವ."

ಚಿತ್ತಪ್ಪ ನಕ್ಕ. "ಅದು ಅಡವಿ ಮಾತವ್ವ. ಮನೆಯಾಗೆ ಗಂಡಸು ಕೋಲು ಹಿಡೀತಾನಾ?"

ಮರುದಿನ ನೇತ್ರಾವತಿ ಬಟ್ಟೆ ಒಗೆಯಲಿಲ್ಲ, ಕಸವನ್ನೂ ಗುಡಿಸಲಿಲ್ಲ. ಹೊತ್ತು ಇಳಿಯುವಾಗ ಮುದ್ದೆ ಪಾತ್ರೆಯನ್ನು ಹಿತ್ತಲಿನ ಕುರಿ ರೊಪ್ಪಕ್ಕೆ ಸಾಗಿಸಿ, ಹೊಸ್ತಿಲ ಮೇಲೆ ಕೂತು ಸುಧಾರಿಸಿಕೊಂಡಳು. ಆಮೇಲೆ ಹಿಟ್ಟಿನ ಡಬ್ಬಿ. ಮತ್ತೆ ಕೂತಳು. ಆಮೇಲೆ ಕೋಲು, ಪಾತ್ರೆಯನ್ನು ಒತ್ತಿಹಿಡಿಯುವ ಕವೆಗೋಲು. ಕುರಿಗಳಿಗೆ ಕಷಾಯ ಕಾಯಿಸಲು ಹೂಡಿದ್ದ ಮೂರು ಕಲ್ಲು ಬೇಲಿಯ ಪಕ್ಕದಲ್ಲೇ ಇತ್ತು. ಸೌದೆಯೂ ನೀರಿನ ತೊಟ್ಟಿಯೂ ಅಲ್ಲೇ. ಚೆಂಬಿನಿಂದ ಚೂರುಚೂರೇ ನೀರು ತುಂಬಿ ಬೆಂಕಿ ಹಚ್ಚಿದಳು.

ಚಿತ್ತಪ್ಪ ಕುರಿ ಹೊಡೆದುಕೊಂಡು ಬರುವ ಹೊತ್ತಿಗೆ ಎಸರು ಕುದಿಯುತ್ತಿತ್ತು. ಅವಳು ಹಿಟ್ಟು ಸುರಿದು, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕಲ್ಲಿನ ಮೇಲೆ ಕೂತಳು.

"ಇದೇನವ್ವ, ಇಲ್ಲಿ ಒಲೆ ಹಚ್ಚೀಯ?"

"ಒಳಗೆ ಹೊಗೆ ಮಾವ."

"ಗ್ಯಾಸಿಗೆ ಎಂಥಾ ಹೊಗೆ?"

ಹಿಟ್ಟು ಉಕ್ಕಿ ಪಾತ್ರೆಯ ಅಂಚಿಗೆ ಬಂತು. ಚಿತ್ತಪ್ಪ ಪಾತ್ರೆ ನೋಡಿದ, ಸೊಸೆಯನ್ನು ನೋಡಿದ, ಮತ್ತೆ ಪಾತ್ರೆ ನೋಡಿದ. "ತಿರುವವ್ವ, ತಳ ಹಿಡೀತೈತೆ," ಎಂದ. ಅವಳು ಕೂತೇ ಇದ್ದಳು. ಒಂದು ಹನಿ ಉಕ್ಕಿ ಬೆಂಕಿಗೆ ಬಿದ್ದು ಚುರ್ ಎಂದಿತು.

"ತೂ, ನಿನ್ನ!" ಚಿತ್ತಪ್ಪ ಕಂಬಳಿಯನ್ನು ಬೇಲಿಯ ಮೇಲೆ ಎಸೆದು ಕುಕ್ಕರುಗಾಲಲ್ಲಿ ಕೂತ. ಉರಿ ಹಿಂದೆಳೆದ. ಹಿಟ್ಟು ಬೇಯುವ ತನಕ ಕಾದು, ಕವೆಗೋಲನ್ನು ಪಾದದಲ್ಲಿ ಮೆಟ್ಟಿ ಹಿಡಿದು ಕೋಲು ತಿರುಗಿಸತೊಡಗಿದ. ವರ್ಷಗಳಿಂದ ಮುಟ್ಟದಿದ್ದರೂ ಕೈ ಏನನ್ನೂ ಮರೆತಿರಲಿಲ್ಲ.

ಬೇಲಿಯಾಚೆ ಹಾದುಹೋಗುತ್ತಿದ್ದ ಪಕ್ಕದ ಮನೆಯ ತಿಪ್ಪಯ್ಯ ನಿಂತ. "ಏನ್ ಚಿತ್ತಣ್ಣ, ಸೊಸೆ ಕೋಲು ಕೈಗೆ ಕೊಟ್ಳಾ?"

"ಲೇ ತಿಪ್ಪ, ಇದೇನು ಅಡಿಗೆ ಮನೆಯೇನಲೇ? ರೊಪ್ಪ. ಕಣ್ಣು ಕಾಣ್ತಾವಾ ಇಲ್ವಾ?"

ತಿಪ್ಪಯ್ಯ ಸುತ್ತ ಒಮ್ಮೆ ನೋಡಿದ. ಕುರಿಗಳಿದ್ದವು, ಹಿಕ್ಕೆ ಇತ್ತು, ಬೇಲಿ ಇತ್ತು. "ರೊಪ್ಪನೇ ಬಿಡು," ಎಂದು ಒಪ್ಪಿಕೊಂಡು ಹೋದ.

ರಾತ್ರಿ ಗಿರೀಶ್ ಎರಡು ಮುದ್ದೆ ಉಂಡ. "ಕೈ ವಾಸಿಯಾತು ಅನ್ನು," ಎಂದ. "ಬರೇ ನಾಟಕ ಆಡ್ತಿದ್ದೆ."

"ನಾನಲ್ಲ ಮಾಡಿದ್ದು."

"ಮತ್ಯಾರು?"

ಚಿತ್ತಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ. "ಸುಮ್ನೆ ಉಣ್ಣಲೇ. ರೊಪ್ಪದಾಗೆ ಮಾಡಿದ್ದು."

ಗಿರೀಶ್ ಅಪ್ಪನ ಕೈ ನೋಡಿದ. ಉಗುರಿನ ಸಂದಿಯಲ್ಲಿ ರಾಗಿ ಅಂಟಿತ್ತು. ಅವನು ಇನ್ನೊಂದು ಅರ್ಧ ಮುದ್ದೆ ಹಾಕಿಸಿಕೊಂಡ. ಬಾಗೂರಿನ ಮಾತು ಎತ್ತಲಿಲ್ಲ.

ಬೆಳಿಗ್ಗೆ ಕುರಿ ಬಿಡಲು ಹೋದ ಚಿತ್ತಪ್ಪ ರೊಪ್ಪದ ಬಾಗಿಲಲ್ಲೇ ನಿಂತ. ಮೂರು ಕಲ್ಲಿನ ಪಕ್ಕದಲ್ಲಿ ರಾತ್ರಿಯ ಎಂಜಲು ತಟ್ಟೆಗಳು, ಸಾರಿನ ಪಾತ್ರೆ, ತಳ ಹಿಡಿದ ಹಾಲಿನ ಪಾತ್ರೆ. ಅವುಗಳ ಮುಂದೆ ಒಂದು ಹಿಡಿ ಬೂದಿ, ಒಂದು ಉಂಡೆ ತೆಂಗಿನ ನಾರು. ಮನೆಯ ಹಿಂಬಾಗಿಲ ಹೊಸ್ತಿಲ ಮೇಲೆ ನೇತ್ರಾವತಿ ಕೂತು, ಮಡಿಚಿಕೊಂಡ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದಳು.

ಚಿತ್ತಪ್ಪ ಬೇಲಿಯಾಚೆ ಕತ್ತು ಚಾಚಿ ನೋಡಿದ. ತಿಪ್ಪಯ್ಯನ ಮನೆ ಬಾಗಿಲು ಇನ್ನೂ ತೆರೆದಿರಲಿಲ್ಲ.