ನೀಲಿ ಕುರ್ಚಿ

"ಈ ನೀಲಿ ಕುರ್ಚಿ ಯಾರ್ದು?" ಎಂದು ಮುನಿಯಮ್ಮ ಮೂರನೇ ಸಲ ಕೂಗಿದಾಗ, ಎದುರಿನ ತನ್ನ ಮನೆಯ ಗೇಟಿನ ಬಳಿ ನಿಂತಿದ್ದ ಸರ್ವಮಂಗಳ "ನಂದು" ಅಂದಳು.

ಬಿಡದಿ ಹತ್ತಿರದ ಆ ಹೊಸ ಬಡಾವಣೆಯಲ್ಲಿ ಇನ್ನೂ ಎದ್ದಿದ್ದು ಹತ್ತೇ ಮನೆ. ಅಲ್ಲಿನವರು ಒಂದು ಖಾಲಿ ಸೈಟಿನ ಪಾರ್ಥೇನಿಯಂ ಕಿತ್ತು, ಮೇಲೆ ನೆರಳಿಗೆ ಹಸಿರು ನೆಟ್ ಕಟ್ಟಿ, ಮನೆಗೊಂದು ಕುರ್ಚಿ ತಂದಿಟ್ಟು ಸಂಜೆ ಕೂರುವ ಜಾಗ ಮಾಡಿಕೊಂಡಿದ್ದರು. ನಾಳೆ ಸೈಟಿನ ಮಾಲೀಕರು ಪಾಯ ತೋಡಿಸುತ್ತಾರೆ. ಅದಕ್ಕೇ ಎಲ್ಲರೂ ತಮ್ಮ ತಮ್ಮ ಕುರ್ಚಿ ಎತ್ತಿಕೊಂಡು ಹೋಗಿದ್ದರು.

ಗಂಡನ ಫ್ಯಾಕ್ಟರಿ ಕೆಲಸಕ್ಕಾಗಿ ತಿಪ್ಪಸಂದ್ರದಿಂದ ಬಂದಿದ್ದ ಸರ್ವಮಂಗಳ, ಜಾಗ ಸಿದ್ಧವಾದ ಮರುದಿನ ಯಾರೂ ಏಳುವ ಮುಂಚೆಯೇ ತನ್ನ ಕುರ್ಚಿ ಇಟ್ಟು ಬಂದಿದ್ದಳು. ಸಂಜೆ ಹೋದರೆ ಅದರಲ್ಲಿ ಮುನಿಯಮ್ಮ ಕೂತಿದ್ದರು. ಎಲ್ಲರೂ ಏನೋ ಹೇಳಿಕೊಂಡು ನಗುತ್ತಿದ್ದರು. ಇವಳು ಅಂಗಡಿಗೆ ಹೊರಟವಳಂತೆ ಮುಂದೆ ನಡೆದುಬಿಟ್ಟಳು. ಆಮೇಲೆ ನಾಲ್ಕು ತಿಂಗಳು, ಗಂಡ ಸೆಕೆಂಡ್ ಶಿಫ್ಟಿಗೆ ಹೋದ ಮೇಲೆ, ಆ ನಗುವನ್ನು ಕಿಟಕಿಯ ಒಳಗಿನಿಂದಲೇ ಕೇಳಿದ್ದಳು.

"ನಿಂದಾ ಅವ್ವ? ನನ್ನ ಸೊಂಟಕ್ಕೆ ಇದೇ ಸರಿಹೋಗಿತ್ತು. ಒಂದಿನಾದ್ರೂ ನೀನು ಬರಬಾರ್ದಾಗಿತ್ತಾ?"

"ಯಾರೂ ಕರೀಲಿಲ್ಲ."

ಮುನಿಯಮ್ಮ ಅವಳ ಮುಖವನ್ನೇ ನೋಡಿದರು. "ನಮ್ಮನ್ಯಾರು ಕರೆದ್ರು ಕಣವ್ವ? ಬಂದ್ವು, ಕುಂತ್ಕೊಂಡ್ವು, ಅಷ್ಟೇಯ."

ಕುರ್ಚಿಯನ್ನು ಅವಳ ಕೈಗಿತ್ತು, ಬಿಚ್ಚಿದ ನೆಟ್ಟನ್ನು ಸುತ್ತಿಕೊಂಡು ಅವರು ಹೊರಟುಹೋದರು. ಸರ್ವಮಂಗಳ ಕುರ್ಚಿಯನ್ನು ಮನೆಗೆ ಒಯ್ಯಲಿಲ್ಲ. ಬೋಳು ಸೈಟಿನ ನಡುವೆ ಇಟ್ಟು, ಇಳಿಬಿಸಿಲಿನಲ್ಲಿ ಮೊದಲ ಸಲ ಅದರಲ್ಲಿ ಕೂತಳು.